ಓದಿ ಹೇಳಿದ ದ್ವೀಪ

ಅಕ್ಟೋಬರ್ 6, 2025, ಸೋಮವಾರ

ಏಳು ನಲವತ್ತಕ್ಕೆ ನಮ್ಮ ಬಸ್ಸು ತಿರುವಿನಲ್ಲಿ ಹೋಯಿತು. ಹೊಸ ಕಂಡಕ್ಟರ್ ಬಾಗಿಲಲ್ಲಿ ನಿಂತು ಮಡಿಕೇರಿ, ಮೂರ್ನಾಡು, ನಾಪೋಕ್ಲು ಎಂದು ಕೂಗುತ್ತಿದ್ದ. ಪ್ರತಿ ಊರಿಗೂ ಒಂದೊಂದು ಉಸಿರು ತೆಗೆದುಕೊಳ್ಳುತ್ತಾನೆ. ನಾನು ಹದಿನಾಲ್ಕು ವರ್ಷ ಮೂರನ್ನೂ ಒಂದೇ ಉಸಿರಲ್ಲಿ ಕೂಗಿದವನು. ಕುಶಾಲನಗರ ಸ್ಟ್ಯಾಂಡಿನ ಆ ತುದಿಯಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಇಟ್ಟು ಓಡಿಬರುತ್ತಿದ್ದರು. ಡ್ರೈವರ್ ರಾಜು ನಮ್ಮ ಮನೆಯ ಕಡೆ ನೋಡಿ ಎರಡು ಸಲ ಹಾರ್ನ್ ಹೊಡೆದ. ನಾನು ಕಿಟಕಿಯಿಂದ ಹಿಂದಕ್ಕೆ ಸರಿದೆ.

ಆಪರೇಷನ್ ಆಗಿ ಇಂದಿಗೆ ಎಂಬತ್ತು ದಿನ. ಥೈರಾಯ್ಡ್ ಗಡ್ಡೆ ತೆಗೆದರು. ಗಡ್ಡೆ ಕೆಟ್ಟದ್ದಲ್ಲ. ಆದರೆ ದನಿಯ ನರ ಅದಕ್ಕೇ ಅಂಟಿಕೊಂಡಿತ್ತಂತೆ, ಎಡಗಡೆಯ ಧ್ವನಿತಂತು ಅಲ್ಲಾಡುವುದು ನಿಂತಿದೆ. ಹೀಗೂ ಆಗಬಹುದೆಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು, ಯಾರನ್ನು ಬಯ್ಯುವುದು? ಈಗ ಬಾಯಿ ತೆರೆದರೆ ಗಾಳಿ ಬರುತ್ತದೆ, ಗಾಳಿಯ ನಡುವೆ ಎಲ್ಲೋ ಚೂರು ದನಿ. ಬಸ್ಸಿನ ಯಜಮಾನರು ಪೊನ್ನಪ್ಪನವರು ವರ್ಷದ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾರೆ.

ಸೌಮ್ಯ ಒಂಬತ್ತಕ್ಕೆ ಮೆಡಿಕಲ್ ಶಾಪಿನ ಕೆಲಸಕ್ಕೆ ಹೋದರೆ ಬರುವುದು ಸಂಜೆ ಕಳೆದು ಎಂಟಕ್ಕೆ. ಹೋಗುವಾಗ ಬರ್ತೀನಿ ಅಂದಳು, ತಲೆಯಾಡಿಸಿದೆ. ಏನಾದರೂ ಬೇಕಿದ್ದರೆ ಫೋನಿನಲ್ಲಿ ಬರೆದು ತೋರಿಸುತ್ತೇನೆ. ಮದುವೆಯಾಗಿ ಹನ್ನೊಂದು ವರ್ಷ, ಮನೆಯಲ್ಲಿ ಇರುವುದೇ ಇಬ್ಬರು. ಮನೆಯಲ್ಲಿ ನಾನು ಬಾಯಿ ಬಿಟ್ಟು ಮಾತಾಡಿ ಎರಡು ತಿಂಗಳಾಗಿರಬೇಕು. ಮೊದಮೊದಲು ಒತ್ತಾಯ ಮಾಡುತ್ತಿದ್ದಳು, ಈಗ ಅವಳೂ ಬಿಟ್ಟಿದ್ದಾಳೆ. ಇದೇ ಸುಲಭ.

ಈ ಡೈರಿ ಅವಳ ಅಂಗಡಿಗೆ ಔಷಧದ ಕಂಪನಿಯವರು ಕೊಟ್ಟದ್ದು. ಜನವರಿಯಿಂದ ಖಾಲಿ ಬಿದ್ದಿತ್ತು.

ಅಕ್ಟೋಬರ್ 9, ಗುರುವಾರ

ಹಗಲು ಹೋಗುವುದು ಆಟದಲ್ಲಿ. ಅದನ್ನೂ ಬರೆದಿಡುತ್ತೇನೆ, ಯಾರು ಓದುತ್ತಾರೆ.

ಆಟದ ಹೆಸರು ವೆಲ್ಮಾರ್. ಫೋನಿನಲ್ಲೇ ಆಡುವುದು. ಕಾಡು, ಕೋಟೆ, ಬಂದರು ಎಲ್ಲ ಇರುವ ಒಂದು ನಾಡು. ಎಲ್ಲೆಲ್ಲಿಯದೋ ಸಾವಿರಾರು ಜನ ಒಂದೇ ಸಲ ಅಲ್ಲಿ ಓಡಾಡುತ್ತಿರುತ್ತಾರೆ, ಒಬ್ಬೊಬ್ಬರದು ಒಂದೊಂದು ವೇಷ. ಆಸ್ಪತ್ರೆಯ ಮಂಚದಲ್ಲಿ ಹೊತ್ತು ಹೋಗದೆ ಹಾಕಿಕೊಂಡಿದ್ದೆ. ನಾನು ಬಿಲ್ಲುಗಾರ, ಹೆಸರು ನಿರ್ವಾಹಕ. ಅಲ್ಲಿ ನಾನು ಬರೆದು ಮಾತಾಡಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಯಾರೂ ಕಿವಿ ಮುಂದೆ ಮಾಡಿ "ಆಂ?" ಅನ್ನುವುದಿಲ್ಲ.

ನನಗೆ ಅಲ್ಲಿ ಪರಿಚಯ ಇರುವುದು ಒಬ್ಬರೇ. ವೇಷದಲ್ಲಿ ಬಿಳಿ ಬಟ್ಟೆಯ ವೈದ್ಯೆ, ನಿಜದಲ್ಲಿ ಹುದಿಕೇರಿಯ ಮುತ್ತಮ್ಮ. ವಯಸ್ಸು ಅರವತ್ಮೂರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ರಿಟೈರ್ ಆದವರು, ಮದುವೆಯಾಗಿಲ್ಲ, ತಂಗಿಯ ಮನೆಯಲ್ಲಿದ್ದಾರೆ. ಆಗಸ್ಟ್ ತಿಂಗಳಲ್ಲಿ ನಾನು ತೋಳಗಳ ನಡುವೆ ಸಿಕ್ಕಿಬಿದ್ದು ಕನ್ನಡದಲ್ಲಿ "ಸತ್ತೆ" ಎಂದು ಬರೆದಾಗ "ಇನ್ನೂ ಇಲ್ಲ" ಎಂದು ಕನ್ನಡದಲ್ಲೇ ಉತ್ತರ ಬಂತು. ಹಿಂದೆಯೇ ಅವರೂ ಬಂದರು. ಅವರು ಫೋನಿಗೆ ಹೇಳಿ ಬರೆಸುವವರು, ಗುರಿ ಅಂದರೆ ಕುರಿ ಎಂದು ಬೀಳುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಆಡುತ್ತಾರೆ.

ಬಂದರಿನಲ್ಲಿ ಒಬ್ಬ ಮುದುಕ ನಾವಿಕನಿದ್ದಾನೆ. ಅವನು ಆಡುವ ಮನುಷ್ಯನಲ್ಲ, ಆಟದ್ದೇ ಗೊಂಬೆ. ಯಾರು ಹೋಗಿ ಮಾತಾಡಿಸಿದರೂ ಒಂದೇ ಮಾತು: ಇವತ್ತು ಗಾಳಿ ಸರಿಯಿಲ್ಲ, ನಾಳೆ ಬಾ. ನಾಲ್ಕು ವರ್ಷದಿಂದ ಅಷ್ಟೇ ಹೇಳುತ್ತಿದ್ದಾನಂತೆ. ಮುತ್ತಮ್ಮ ಆಟ ತೆರೆದ ತಕ್ಷಣ ಮೊದಲು ಅವನ ಹತ್ತಿರ ಹೋಗಿ ಕೇಳಿ ಬರುತ್ತಾರೆ. ಯಾಕೆ ಎಂದರೆ, ಯಾರೂ ಕೇಳುವುದಿಲ್ಲವಲ್ಲ ಎಂದರು.

ಅಕ್ಟೋಬರ್ 17, ಶುಕ್ರವಾರ

ತೀರ್ಥೋದ್ಭವ. ಭಾಗಮಂಡಲಕ್ಕೆ ಸ್ಪೆಷಲ್ ಬಸ್ಸುಗಳು. ವರ್ಷದಲ್ಲಿ ಇದೊಂದು ದಿನ ಗಂಟಲು ಹರಿಯುವಷ್ಟು ಕೂಗುತ್ತಿದ್ದೆ.

ಬಾಗಿಲು ತೆರೆಯಲಿಲ್ಲ.

ಅಕ್ಟೋಬರ್ 29, ಬುಧವಾರ

ಗಂಟಲಿನ ವ್ಯಾಯಾಮ ಹೇಳಿಕೊಡುವ ಪ್ರಸಾದ್ ಅವರ ಹತ್ತಿರ ಹೋಗಿದ್ದೆ. ಒಳ್ಳೆಯ ಮನುಷ್ಯ. ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತೀರಿ ಎಂದರು. ಅರ್ಧ ಗಂಟೆ ಎಂದು ಬರೆದು ತೋರಿಸಿದೆ. ಬರೆದು ತೋರಿಸಿದ್ದನ್ನು ನೋಡಿಯೇ ಅವರಿಗೆ ಗೊತ್ತಾಗಿರಬೇಕು. "ಕೂಗ್ಬೇಡಿ ಅಂತ ಹೇಳಿದ್ದು, ಮಾತಾಡ್ಬೇಡಿ ಅಂತ ಹೇಳಿಲ್ಲ," ಎಂದರು.

ಬರುವಾಗ ಸ್ಟ್ಯಾಂಡಿನ ಬೇಕರಿಯಲ್ಲಿ ಎರಡು ಬನ್ ಕೇಳಿದೆ. ಆಂ ಎಂದ. ಮತ್ತೆ ಕೇಳಿದೆ. ಆಂ ಎಂದ. ಹಿಂದೆ ನಿಂತಿದ್ದವರು ನನ್ನ ಮುಖ ನೋಡಿ, ಪರಿಚಯ ಹಿಡಿದು, ಅಯ್ಯೋ ಶಶಿ ಕಂಡಕ್ಟರ್ ಅಲ್ವಾ, ಏನಾಗೋಯ್ತು ಎಂದು ಪಕ್ಕದವರಿಗೆಲ್ಲ ಹೇಳತೊಡಗಿದರು. ಬನ್ ತೆಗೆದುಕೊಳ್ಳದೆ ಬಂದೆ.

ನವೆಂಬರ್ 5, ಬುಧವಾರ

ಇವತ್ತು ಆಟದಲ್ಲಿ ಒಂದು ಕಡಲಹಕ್ಕಿ ಬಂದು ನನ್ನ ಹೆಗಲ ಮೇಲೆ ಕೂತಿತು. ಕಾಲಿಗೆ ಕಾಗದ ಕಟ್ಟಿತ್ತು. ಬಿಚ್ಚಿದರೆ ನನ್ನ ಹೆಸರಿಗೇ ಬರೆದ ಪತ್ರ: ನಿರ್ವಾಹಕನಿಗೆ, ನಾವು ಭೇಟಿಯಾಗಿಲ್ಲ. ನಮ್ಮ ದ್ವೀಪದ ದೀಪ ಆರಿದೆ. ನಿನ್ನ ಹೆಸರು ಕೇಳಿದ್ದೇವೆ, ಬಾ.

ಒಂದು ಕ್ಷಣ ಏನೋ ಆಯಿತು. ಆಮೇಲೆ ನೋಡಿದರೆ ಬಂದರಿನಲ್ಲಿದ್ದ ಪ್ರತಿಯೊಬ್ಬರ ಹೆಗಲ ಮೇಲೂ ಒಂದೊಂದು ಹಕ್ಕಿ.

ಮುತ್ತಮ್ಮ ವಿವರಿಸಿದರು. ಎಕ್ಸ್‌ಪ್ಯಾನ್ಷನ್ ಬರುತ್ತಿದೆಯಂತೆ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿಯವರು ಹೊಸ ನಾಡು, ಹೊಸ ಕಥೆ ಸೇರಿಸುತ್ತಾರೆ. ಒಂದೇ ಸಲ ಬಾಗಿಲು ತೆರೆಯುವುದಿಲ್ಲ. ಮೊದಲು ಪತ್ರ, ಆಮೇಲೆ ಆಕಾಶದ ಬಣ್ಣ ಬದಲು, ಆಮೇಲೆ ಆ ನಾಡಿನಿಂದ ಓಡಿಬಂದವರು ಬಂದರಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಅವರನ್ನು ಮಾತಾಡಿಸುತ್ತ ಹೋದರೆ ಅಲ್ಲಿ ಏನಾಗಿದೆ ಎಂದು ಚೂರುಚೂರೇ ತಿಳಿಯುತ್ತದೆ. ಹೋಗಲೇಬೇಕು ಅನ್ನಿಸುವ ಹೊತ್ತಿಗೆ ಹಡಗು ಬರುತ್ತದೆ. "ಮದುವೆಗೆ ಕರೆದ ಹಾಗೆ," ಎಂದು ಬರೆದರು.

ಆಮೇಲೆ, ಪತ್ರದಲ್ಲಿ ಏನಿದೆ ಓದಿ ಹೇಳುತ್ತೀರಾ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಆಗ ಹೇಳಿದರು: ಒಂದೂವರೆ ವರ್ಷದಿಂದ ಕಣ್ಣಿನ ನಡುವೆ ಕಪ್ಪು ಮಚ್ಚೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಚಾಟಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಓರೆಯಾಗಿ ಓದುತ್ತಾರೆ, ಕಥೆಯ ಅಕ್ಷರವನ್ನು ಹಾಗೆ ಮಾಡಲು ಬರುವುದಿಲ್ಲ. ಹಳೆಯ ನಾಡಿನಲ್ಲಿ ಎಲ್ಲ ಬಾಯಿಪಾಠ, ಯಾವ ಬಾಗಿಲ ಹಿಂದೆ ಏನು ಎಂದು ಗೊತ್ತು. ಹೊಸದರಲ್ಲಿ ಏನೂ ಗೊತ್ತಿರುವುದಿಲ್ಲ. ಮೈಕ್ ಹಾಕಿ ನೀವು ಓದಿ ಹೇಳಿದರೆ ನಾನೂ ಬರಬಹುದು, ಎಂದರು.

ನನ್ನ ಫೋನಿನ ಮೈಕ್ ಕೆಟ್ಟಿದೆ ಎಂದು ಬರೆದೆ.

ನವೆಂಬರ್ 12, ಬುಧವಾರ

ಬಂದರಿನಲ್ಲಿ ಈಗ ಜಾತ್ರೆಯಷ್ಟು ಜನ. ಆಕಾಶ ತಾಮ್ರದ ಬಣ್ಣ. ದ್ವೀಪದಿಂದ ದೋಣಿಗಳಲ್ಲಿ ಬಂದವರು ಚಾಪೆ ಹಾಸಿಕೊಂಡು ಕೂತಿದ್ದಾರೆ, ಅವರಿಗೆ ಕಂಬಳಿ ಹುಡುಕಿ ಕೊಡುವುದು, ಕಾಣೆಯಾದ ಸಂಬಂಧಿಕರ ವಿಷಯ ಕೇಳುವುದು, ಇದೇ ಕೆಲಸ. ನಾನು ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಓದಿ, ಗೊತ್ತಿಲ್ಲದ್ದಕ್ಕೆ ಡಿಕ್ಷನರಿ ನೋಡಿ, ಕನ್ನಡದಲ್ಲಿ ಚಾಟಿಗೆ ಬರೆಯುತ್ತೇನೆ. ನಾಲ್ಕು ಸಾಲು ಬರೆಯುವುದರಲ್ಲಿ ಉಳಿದವರು ಮುಂದಿನ ದೋಣಿಗೆ ಓಡಿರುತ್ತಾರೆ.

ಎರಡು ಗಂಟೆಗೆ ಆಟ ತೆರೆದವರೇ ಮುತ್ತಮ್ಮ ವಾಡಿಕೆಯಂತೆ ಮುದುಕ ನಾವಿಕನ ಹತ್ತಿರ ಹೋದರು. ಅವನ ಮಾತು ಈ ಸಲ ಸ್ವಲ್ಪ ಗಿಡ್ಡ ಕಾಣುತ್ತದೆ, ಏನಂದ ನೋಡಿ ಎಂದರು.

ನೋಡಿದೆ. ಗಾಳಿ ತಿರುಗಿದೆ, ಎಂದಿದ್ದ.

ದೊಡ್ಡದಾಗಿ ಬರೆದೆ. ಆಮೇಲೆ ಒಂದು ಸಾಲು ಬಂತು. "ನಾಲ್ಕು ವರ್ಷ ಕೇಳಿದೆ, ಹೇಳಿದ ದಿನ ನನಗೆ ಓದಲಿಕ್ಕೆ ಆಗಲಿಲ್ಲ ನೋಡಿ."

ನವೆಂಬರ್ 20, ಗುರುವಾರ

ನಿನ್ನೆ ಇಡೀ ದಿನ ಆಟ ಬಾಗಿಲು ಹಾಕಿತ್ತು. ಇಂದು ತೆರೆದರು. ಸಾಲಿನಲ್ಲಿ ನನ್ನ ಮುಂದೆ ನಾಲ್ಕು ಸಾವಿರದ ಮುನ್ನೂರು ಜನ ಎಂದು ತೋರಿಸಿತು. ಕಾದು ಒಳಗೆ ಹೋದರೆ ನೇರ ಹಡಗಿನ ಮೇಲೆ. ನೂರಾರು ಜನ, ಯಾರಿಗೂ ಏನೂ ಮಾಡಲು ಬರುವುದಿಲ್ಲ, ನಿಂತು ನೋಡಬೇಕು ಅಷ್ಟೆ. ಮಂಜು ಬಂತು. ಹಡಗು ಒಡೆಯಿತು. ಕಣ್ಣು ಬಿಟ್ಟರೆ ಮರಳಿನ ಮೇಲೆ. ಆರು ವಾರ ಕಷ್ಟಪಟ್ಟು ಸಂಪಾದಿಸಿದ ನನ್ನ ಬೆಳ್ಳಿಯ ಬಿಲ್ಲು ಎರಡು ತುಂಡು. ಒಬ್ಬ ಹೆಂಗಸು ಬಂದು ಒಂದು ಕೋಲು ಕೊಟ್ಟಳು. ನೋಡಿದರೆ ಆ ಕೋಲು ಬಿಲ್ಲಿಗಿಂತ ಎರಡು ಪಾಲು ಬಲ. ಹಳೆಯದೇನೂ ಇಲ್ಲಿ ನಡೆಯುವುದಿಲ್ಲ ಎಂದು ಮೊದಲ ನಿಮಿಷದಲ್ಲೇ ಗೊತ್ತು ಮಾಡಿಸುತ್ತಾರೆ.

ಆ ಹೆಂಗಸಿನ ಹೆಸರು ನೆರಿಸ್, ದೀಪಸ್ತಂಭದ ಕಾವಲುಗಾರನ ಮಗಳು. ದೀಪ ಆರಿದ ದಿನದಿಂದ ಅಪ್ಪ ಕಾಣೆ. ಉದ್ದ ಕಥೆ ಹೇಳತೊಡಗಿದಳು. ಸುತ್ತ ಇದ್ದವರೆಲ್ಲ ಮುಂದಕ್ಕೆ ಎಂಬ ಗುಂಡಿ ಒತ್ತಿ, ಅವಳ ಮಾತು ಕೇಳದೆ, ದಡ ಬಿಟ್ಟು ಓಡಿದರು. ಐದು ನಿಮಿಷದಲ್ಲಿ ಮರಳಿನ ಮೇಲೆ ಉಳಿದದ್ದು ನಾನು, ಮುತ್ತಮ್ಮ, ಆ ಗೊಂಬೆ.

ನಾನು ಬರೆಯುತ್ತಿದ್ದೆ. ಅಷ್ಟರಲ್ಲಿ ಏಡಿಗಳು ಬಂದವು. ಬರೆಯುವುದು ಬಿಟ್ಟು ಹೊಡೆಯಬೇಕು, ಹೊಡೆಯುವುದು ಬಿಟ್ಟು ಬರೆಯಬೇಕು. ಮುತ್ತಮ್ಮನವರಿಗೆ ಯಾವ ಕಡೆ ಓಡಬೇಕೆಂದು ಗೊತ್ತಿಲ್ಲ. ಮೂರು ಸಲ ಸತ್ತರು. "ಒಂದು ಮಾತು ಬಾಯಲ್ಲಿ ಹೇಳಿ, ಎಡವೋ ಬಲವೋ," ಎಂದು ಬಂತು.

ಆಟ ಮುಚ್ಚಿ ಫೋನನ್ನು ಮಂಚದ ಕೆಳಗೆ ಹಾಕಿದೆ.

ನವೆಂಬರ್ 22

ತೆರೆಯಲಿಲ್ಲ.

ನವೆಂಬರ್ 23

ಸೌಮ್ಯಳಿಗೆ ರಜೆ. ಅವಳ ತವರಿಗೆ ಹೋಗೋಣ ಎಂದಳು. ಬೇಡ ಎಂದು ಬರೆದೆ. ಅವಳೂ ಹೋಗಲಿಲ್ಲ. ಟಿವಿ ಹಾಕಿಕೊಂಡು ಕೂತಳು. ದನಿ ಇಲ್ಲದೆ ಚಿತ್ರ ಮಾತ್ರ ನೋಡುತ್ತಿದ್ದಳು, ಯಾಕೋ.

ನವೆಂಬರ್ 25, ಮಂಗಳವಾರ

ತಡೆಯಲಾಗದೆ ತೆರೆದೆ. ದ್ವೀಪದಲ್ಲಿ ಮುತ್ತಮ್ಮ ಕಾಣಲಿಲ್ಲ. ಹುಡುಕುತ್ತ ಹಳೆಯ ಬಂದರಿಗೆ ಹೋದೆ. ಎರಡು ವಾರದ ಕೆಳಗೆ ಕಾಲಿಡಲು ಜಾಗವಿರದ ಕಡೆ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಹೊಸ ನಾಡಿಗೆ ಹೋಗಿಬಿಟ್ಟಿದ್ದಾರೆ. ಅಂಗಡಿಯ ಗೊಂಬೆಗಳು ಬರಿಯ ಬೀದಿಯಲ್ಲಿ ಮೀನು, ಕತ್ತಿ ಎಂದು ಕೂಗುತ್ತಿವೆ. ಮುದುಕ ನಾವಿಕನ ಪಕ್ಕದ ಕಟ್ಟೆಯಲ್ಲಿ ಬಿಳಿ ಬಟ್ಟೆಯ ವೈದ್ಯೆ ಕೂತಿದ್ದರು.

ಇಲ್ಲಿ ಕಣ್ಣು ಬೇಡ ನೋಡಿ, ಎಂದು ಬರೆದರು. ನಾನು ಮಾಯವಾದದ್ದಕ್ಕೆ ಒಂದು ಮಾತಿಲ್ಲ.

ಅವರ ಪಕ್ಕ ಕೂತೆ. ಆಟದಲ್ಲಿ ಕೂರಲೂ ಒಂದು ಗುಂಡಿಯಿದೆ. ಎಷ್ಟೋ ಹೊತ್ತಾದ ಮೇಲೆ, ಮೈಕ್ ಕೆಟ್ಟಿಲ್ಲ, ಕೆಟ್ಟಿರುವುದು ಗಂಟಲು ಎಂದು ಬರೆದೆ. ಎಲ್ಲ ಬರೆದೆ, ಬೇಕರಿಯ ಬನ್ನಿನವರೆಗೆ. ಅವರು ಓರೆಯಾಗಿ ಒಂದೊಂದೇ ಸಾಲು ಓದಿ ಮುಗಿಸಲು ಬಹಳ ಹೊತ್ತು ಹಿಡಿದಿರಬೇಕು. ಉತ್ತರ ಬಂದದ್ದು ನಾಲ್ಕು ಗಂಟೆಗೆ. "ಇರುವಷ್ಟು ದನಿ ಸಾಕು. ನಾಳೆ ಎರಡು ಗಂಟೆಗೆ."

ನವೆಂಬರ್ 26, ಬುಧವಾರ

ಕಿಟಕಿ ಮುಚ್ಚಿದೆ. ಬಾಗಿಲ ಚಿಲಕ ಹಾಕಿದೆ. ಒಂದು ಚೊಂಬು ನೀರು ಇಟ್ಟುಕೊಂಡೆ. ಫೋನನ್ನು ತುಟಿಯ ಹತ್ತಿರ ಹಿಡಿದು ಮೈಕ್ ಒತ್ತಿದೆ. ಬೆವರುತ್ತಿದ್ದೆ, ಹದಿನಾಲ್ಕು ವರ್ಷ ಐವತ್ತು ಜನರ ಮುಂದೆ ಬಾಯಿ ಮಾಡಿದವನು.

ನೆರಿಸ್ ಹೇಳುವ ಕಥೆಯನ್ನು "ನನ್ನ ಅಪ್ಪ" ಎಂದು ಶುರು ಮಾಡಬೇಕಿತ್ತು. ನನ್ನ ಎಂಬುದು ಗಾಳಿಯಾಗಿ ಹೋಯಿತು. ಅಪ್ಪ ಎಂಬಲ್ಲಿ ಕೆಮ್ಮು ಬಂತು. ಆಗುವುದಿಲ್ಲ, ಕ್ಷಮಿಸಿ ಎಂದು ಬರೆಯತೊಡಗಿದಾಗ ಫೋನಿನಿಂದ ಒಂದು ದಪ್ಪ, ನಿಧಾನವಾದ ಹೆಂಗಸಿನ ದನಿ ಬಂತು. ಮುತ್ತಮ್ಮನವರ ದನಿ ನಾನು ಕೇಳಿದ್ದು ಅದೇ ಮೊದಲು.

"ಕೇಳ್ತಾ ಉಂಟು. ಮಳೆಗಾಲದಲ್ಲಿ ಭಾಗಮಂಡಲದ ಲೈನು ಇದಕ್ಕಿಂತ ಕಡೆ ಇರ್ತಿತ್ತು, ಅದರಲ್ಲೇ ಸಾವು, ಹೆರಿಗೆ ಎಲ್ಲ ದಾಟಿಸಿದ್ದೇನೆ. ನೀವು ಓದಿ."

ಓದಿದೆ. ನಾಲ್ಕು ಶಬ್ದಕ್ಕೆ ಒಂದು ಉಸಿರು. ಇಂಗ್ಲಿಷಿನದನ್ನು ಬಾಯಲ್ಲೇ ಕನ್ನಡ ಮಾಡುವುದು. ಕೆಲವು ಕಡೆ ಸಿಕ್ಕಿಕೊಂಡರೆ ಅವರೇ ಶಬ್ದ ಕೊಡುತ್ತಿದ್ದರು. ಮೈಕಿಗೆ ತುಟಿ ಹತ್ತಿರವಿದ್ದರೆ ಈ ದನಿಯೇ ಸಾಕಾಗುತ್ತದೆ, ತಳ್ಳಬೇಕಾಗಿಲ್ಲ. ನೆರಿಸ್ ಹೇಳಿದ್ದು ಇಷ್ಟು: ಅಪ್ಪ ಮೂವತ್ತು ವರ್ಷ ಒಂದು ರಾತ್ರಿ ಬಿಡದೆ ದೀಪ ಹಚ್ಚಿದ. ಒಂದು ಸಂಜೆ ಕಡ್ಡಿಪೆಟ್ಟಿಗೆ ಮೇಜಿನ ಮೇಲೆ ಇಟ್ಟು ಮಂಜಿನೊಳಗೆ ನಡೆದುಹೋದ.

ಕೊನೆಗೆ ನೆರಿಸ್ ನಮ್ಮನ್ನು, ನೀನು ಯಾರು ಎಂದು ಕೇಳುತ್ತಾಳೆ. ಮೂರು ಉತ್ತರದಲ್ಲಿ ಒಂದು ಒತ್ತಬೇಕು: ಸೈನಿಕ, ವ್ಯಾಪಾರಿ, ಇನ್ನೂ ಗೊತ್ತಿಲ್ಲ. ಮೂರನ್ನೂ ಓದಿ ಹೇಳಿದೆ. ಮುತ್ತಮ್ಮ ಮೂರನೆಯದು ಎಂದರು. ನಾನೂ ಅದನ್ನೇ ಒತ್ತಿದೆ. ಏಡಿ ಬಂದಾಗ ಎಡ ಎಂದೆ, ಬಲ ಎಂದೆ. ಅವರು ಒಂದು ಸಲವೂ ಸಾಯಲಿಲ್ಲ.

ಗಂಟಲು ಉರಿಯುತ್ತಿದೆ. ಸೌಮ್ಯ ಬಂದಾಗ ಟೀ ನಾನೇ ಮಾಡಿದ್ದೆ. ಏನ್ ವಿಶೇಷ ಎಂದಳು. ಏನಿಲ್ಲ ಎಂದು ಬರೆದೆ.

ಡಿಸೆಂಬರ್ 5, ಶುಕ್ರವಾರ

ಸುಗ್ಗಿಯ ಪುತ್ತರಿ ಹಬ್ಬ ಎಂದು ಮುತ್ತಮ್ಮ ಎರಡು ದಿನ ಬರಲಿಲ್ಲ. ಎರಡು ಗಂಟೆಗೆ ಕಿಟಕಿ ಮುಚ್ಚಿ, ನೀರಿಟ್ಟುಕೊಂಡು ಕೂತೆ, ಅವರು ಬರುವುದಿಲ್ಲವೆಂಬ ನೆನಪೇ ಇರಲಿಲ್ಲ. ಮುಂದಿನ ಭಾಗವನ್ನು ಒಬ್ಬನೇ ಓದಬಹುದಿತ್ತು. ಓದಲಿಲ್ಲ.

ಆಟದ ದ್ವೀಪದ ಜನ ಈಗ ನನಗೆ ನಮ್ಮ ರೂಟಿನ ಜನರಷ್ಟು ಪರಿಚಯ. ಬಲೆ ಹೆಣೆಯುವ ಮುದುಕಿಯ ಮಾತನ್ನು ನಾಪೋಕ್ಲಿನಲ್ಲಿ ಕಿತ್ತಳೆ ಬುಟ್ಟಿ ಹತ್ತಿಸುತ್ತಿದ್ದ ಅಜ್ಜಿಯ ಹಾಗೆ ಎಳೆದು ಓದುತ್ತೇನೆ. ಮುತ್ತಮ್ಮ ನಗುತ್ತಾರೆ.

ಡಿಸೆಂಬರ್ 15, ಸೋಮವಾರ

ಇವತ್ತು ದೀಪಸ್ತಂಭದ ಮೆಟ್ಟಿಲು ಹತ್ತಿದೆವು. ಕಾವಲುಗಾರ ಮಗಳಿಗೆ ಬರೆದು ಕಳಿಸದೆ ಇಟ್ಟ ಪತ್ರಗಳು ಮೆಟ್ಟಿಲು ಮೆಟ್ಟಿಲಿಗೆ ಸಿಕ್ಕಿದವು. ಹನ್ನೊಂದು ಪತ್ರ ಓದಿದೆ. ನಡುವೆ ಮುತ್ತಮ್ಮ ನಿಲ್ಲಿಸಲು ಹೇಳಿ ಕಣ್ಣು ಒರೆಸಿಕೊಂಡು ಬಂದರು. ಮುಕ್ಕಾಲು ಗಂಟೆ ಓದಿರಬೇಕು.

ಮುಗಿಸಿ ಚಿಲಕ ತೆಗೆದರೆ ಸೌಮ್ಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಬ್ಯಾಗು. ಅಂಗಡಿಯವರ ಮನೆಯಲ್ಲಿ ಸಾವಾಗಿ ಬೇಗ ಬಾಗಿಲು ಹಾಕಿದರಂತೆ. ಒಳಗೆ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡೆ, ಎಂದಳು. ಆಮೇಲೆ ಅದು ನನ್ನದೇ ದನಿ ಎಂದು ಗೊತ್ತಾಯಿತಂತೆ.

ನನ್ನನ್ನು ದಾಟಿ ಒಳಗೆ ಹೋಗಿ ಕೈಕಾಲು ತೊಳೆದು ಬಂದಳು. ಕೂಗಾಡಲಿಲ್ಲ. "ನಾಕ್ ತಿಂಗ್ಳಾತು ಕಣ್ರಿ," ಎಂದಳು. "ನಂಗೆ ಒಂದ್ ಹೂಂ ಅಂತ ಅಂದಿಲ್ಲ ನೀವು. ಮಾತೇ ಬರಕಿಲ್ಲ ಅಂತ ಅನ್ಕಂಡು ನಾನು ಬೇರೇರ್ ಮುಂದೆ ನಿಮ್ ಪರವಾಗಿ ಎಷ್ಟ್ ಮಾತಾಡಿದೀನಿ ಗೊತ್ತಾ."

ಫೋನ್ ತೆಗೆದು ಬರೆಯಲು ಹೋದೆ. "ಬರೀಬೇಡಿ," ಎಂದಳು.

ಬಾಯಿ ತೆರೆದೆ. ಏನೂ ಬರಲಿಲ್ಲ.

ಡಿಸೆಂಬರ್ 16

ಡಬ್ಬಿ ಕಟ್ಟಿಕೊಳ್ಳದೆ ಹೋದಳು. ಬರ್ತೀನಿ ಅನ್ನಲಿಲ್ಲ.

ಡಿಸೆಂಬರ್ 18, ಗುರುವಾರ

ನನಗೆ ಹುಷಾರಿಲ್ಲ ಎಂದು ಮುತ್ತಮ್ಮನವರಿಗೆ ಎರಡು ದಿನದಿಂದ ಹೇಳುತ್ತಿದ್ದೇನೆ. ಅವರು ನಂಬಲಿಲ್ಲ, ಕೇಳಲೂ ಇಲ್ಲ.

ಸೌಮ್ಯ ಯಾಕೆ ಇಷ್ಟು ನೊಂದುಕೊಂಡಳೋ. ಆಟದಲ್ಲಿ ಓದಿ ಹೇಳುವುದು, ಮನೆಯಲ್ಲಿ ಮಾತಾಡುವುದು ಎರಡೂ ಬೇರೆ ಬೇರೆ ಅಲ್ಲವೇ. ನಿನ್ನೆ ಒಂದು ಹಾಳೆಯಲ್ಲಿ ಬರೆದು ಅವಳ ದಿಂಬಿನ ಮೇಲಿಟ್ಟೆ: ಆ ಅಮ್ಮನಿಗೆ ನನ್ನ ಮೊದಲಿನ ದನಿ ಗೊತ್ತಿಲ್ಲ. ನಿನಗೆ ಗೊತ್ತು. ನಿನ್ನನ್ನು ಮೊದಲು ನೋಡಿದ್ದೇ ಬಸ್ಸಿನಲ್ಲಿ, ನೀನು ನನ್ನ ಕೂಗು ಕೇಳಿ ತಿರುಗಿ ನಕ್ಕಿದ್ದೆ. ಈ ದನಿಯನ್ನು ನಿನ್ನ ಮುಂದೆ ತೆಗೆದರೆ ನೀನು ಆಂ ಅನ್ನಬೇಕಾಗುತ್ತದೆ. ಅದು ನನ್ನ ಕೈಲಿ ಆಗುವುದಿಲ್ಲ.

ಬೆಳಿಗ್ಗೆ ಒಲೆಯ ಮುಂದೆ ನಿಂತು, ನನ್ನ ಕಡೆ ತಿರುಗದೆ ಹೇಳಿದಳು. "ನಾನ್ ನಿಮ್ಮುನ್ನ ಮದ್ವೆ ಆದೆನಾ, ನಿಮ್ ದನಿನ ಮದ್ವೆ ಆದೆನಾ."

ರೊಟ್ಟಿ ಸೀದುಹೋಯಿತು. ಸೀದದ್ದನ್ನು ತಾನು ಹಾಕಿಕೊಂಡು ಒಳ್ಳೆಯದನ್ನು ನನಗೆ ಹಾಕಿದಳು. ತಟ್ಟೆ ಬದಲಿಸಿದೆ. "ಉಪ್ಪು ಕಮ್ಮಿ," ಎಂದೆ. ಒಲೆ ಭರ್ ಎನ್ನುತ್ತಿತ್ತು. ಅವಳಿಗೆ ಕೇಳಿಸಲಿಲ್ಲ. ಒಲೆ ಆರಿಸಿ ಹತ್ತಿರ ಬಂದು ನಿಂತಳು. ಮತ್ತೆ ಹೇಳಿದೆ. ಉಪ್ಪಿನ ಡಬ್ಬಿ ಮುಂದೆ ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಲಸಕ್ಕೆ ಹೋದಳು.

ಡಿಸೆಂಬರ್ 30, ಮಂಗಳವಾರ

ಮೈಸೂರಿಗೆ ಹೋಗಿದ್ದೆವು. ಮೂಗಿನಲ್ಲಿ ಕೊಳವೆ ಬಿಟ್ಟು ನೋಡಿದರು. ತಂತು ನಿಂತಲ್ಲೇ ನಿಂತಿದೆ. ಇನ್ನೂ ಆರು ತಿಂಗಳು ನೋಡಬಹುದು, ಆದರೆ ಆಸೆ ಇಟ್ಟುಕೊಳ್ಳುವಷ್ಟು ಇಲ್ಲ. ಒಂದು ಸಣ್ಣ ಆಪರೇಷನ್ ಮಾಡಿದರೆ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಕೂಗಲು ಆಗುವುದಿಲ್ಲ. ಅದನ್ನು ಡಾಕ್ಟರು ಎರಡು ಸಲ ಹೇಳಿದರು.

ಸಂಜೆ ಪೊನ್ನಪ್ಪನವರು ಅವರೇ ಮನೆಗೆ ಬಂದರು. ಹೇಳಲು ಬಂದದ್ದನ್ನು ಹೇಳಲಾಗದೆ ಕಾಫಿಯ ಬೆಲೆ, ಆನೆ, ರಸ್ತೆ ಎಲ್ಲ ಮಾತಾಡಿದರು. ಆಮೇಲೆ, ಮೂರ್ನಾಡಿನಲ್ಲಿ ಪಾರ್ಸೆಲ್ ಕೌಂಟರ್ ತೆರೆಯುತ್ತೇವೆ, ನೀನು ನೋಡಿಕೋ ಎಂದರು. ಬಸ್ಸು ಹೊಸಬನಿಗೆ.

ಆಗಲಿ ಎಂದೆ. ಅವರು ಕುರ್ಚಿಯಿಂದ ಮುಂದೆ ಬಗ್ಗಿ ಕೇಳಿಸಿಕೊಂಡರು. ಹೋಗುವಾಗ ಹೆಗಲ ಮೇಲೆ ಕೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಟಿಕೆಟ್ ಮಿಷಿನ್ನು, ಸೀಟಿ ಎರಡನ್ನೂ ಒರೆಸಿ ಕವರಿಗೆ ಹಾಕಿದ್ದೇನೆ. ನಾಳೆ ರಾಜುವಿನ ಕೈಗೆ ಕೊಡಬೇಕು. ಕೂಗದೆ ಇನ್ನು ಎಷ್ಟು ವರ್ಷ. ನನಗೆ ನಲವತ್ತೊಂದು.

ಜನವರಿ 11, 2026, ಭಾನುವಾರ

ಹೊಸ ಡೈರಿ ಬರಲಿಲ್ಲ. ಹಳೆಯದರಲ್ಲಿ ಖಾಲಿ ಉಳಿದಿದ್ದ ಜನವರಿಯ ಹಾಳೆಗಳಲ್ಲೇ ಬರೆಯುತ್ತಿದ್ದೇನೆ, ವಾರ ಹೊಂದುವುದಿಲ್ಲ, ತಿದ್ದಿಕೊಂಡಿದ್ದೇನೆ.

ಇವತ್ತು ಹುದಿಕೇರಿಗೆ ಹೋಗಿದ್ದೆವು. ಆ ಅಮ್ಮನನ್ನು ನಾನು ನೋಡಬೇಕು ಎಂದು ಸೌಮ್ಯ ಹೊಸ ವರ್ಷದಿಂದ ಹೇಳುತ್ತಿದ್ದಳು. ಯಾವ ಉದ್ದೇಶಕ್ಕೋ ಎಂದು ನನಗೆ ಅಳುಕಿತ್ತು. ಗೋಣಿಕೊಪ್ಪದಲ್ಲಿ ಬದಲಿಸಿ ಹತ್ತಿದ ಬಸ್ಸಿನಲ್ಲಿ ಹುದಿಕೇರಿ ಎರಡು ಎಂದೆ. ಕಂಡಕ್ಟರ್ ಹುಣಸೂರಾ ಎಂದ. ತಿದ್ದಿ ಹೇಳಿದೆ. ಹನ್ನೊಂದೂವರೆಗೆ ಇಳಿದೆವು. ರಸ್ತೆಯುದ್ದಕ್ಕೂ ತೋಟಗಳಲ್ಲಿ ಕಾಫಿ ಹಣ್ಣಿನ ಪಿಕಿಂಗ್ ನಡೆಯುತ್ತಿತ್ತು.

ಸ್ಟ್ಯಾಂಡಿನ ಅಂಗಡಿಯ ಮುಂದೆ ಎತ್ತರದ, ನರೆಗೂದಲಿನ ಹೆಂಗಸು ಸ್ವೆಟರ್ ಹಾಕಿಕೊಂಡು ನಿಂತಿದ್ದರು. ನಮ್ಮ ಕಡೆಗೇ ಮುಖ, ಆದರೆ ನೋಡುತ್ತಿದ್ದದ್ದು ನಮ್ಮ ಪಕ್ಕದ ಗೋಡೆಯನ್ನು. ಹತ್ತು ಮಾರು ದೂರ. ಬಸ್ಸಿನ ಇಂಜಿನ್ ಆರಿಸಿರಲಿಲ್ಲ, ಒಂದು ಜೀಪು ಬೇರೆ. ನಾನು ನಿಂತುಬಿಟ್ಟೆ. ನೀವೇ ಕರೀರಿ ಎಂದು ಸೌಮ್ಯ ಬ್ಯಾಗನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಹತ್ತಿರ ಹೋಗಿ, "ಮುತ್ತಮ್ಮ," ಎಂದೆ.

ಜೀಪಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಅವರು ಥಟ್ಟನೆ ತಿರುಗಿದರು. ಯಾರು ಎನ್ನಲಿಲ್ಲ. "ಬಂದ್ರಾ ಶಶಿ. ಬಸ್ಸು ಲೇಟು," ಎಂದು ಕೈ ಚಾಚಿದರು.

ಸೌಮ್ಯ ಪಕ್ಕದಲ್ಲಿದ್ದಳು. ದಾರಿಯಲ್ಲಿ ಮನೆಗೆ ನಡೆಯುವಾಗ ಅವಳೇ ಕೇಳಿದಳು, ಅಷ್ಟು ಗಲಾಟೆಯಲ್ಲಿ ಹೇಗೆ ಗೊತ್ತಾಯಿತು ಎಂದು. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ಇದ್ದವಳಿಗೆ ದನಿ ಗೊತ್ತಾಗದಾ, ಎಂದರು ಮುತ್ತಮ್ಮ.

"ಮೊದ್ಲು ಇವರ್ ದನಿ ಬ್ಯಾರೆ ಇತ್ತು," ಎಂದಳು ಸೌಮ್ಯ.

"ಇದಲ್ಲದೆ ಇನ್ನೊಂದು ಉಂಟಾ ಇವರಿಗೆ?" ಎಂದರು ಅವರು. ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು.

ಸೌಮ್ಯ ಸ್ವಲ್ಪ ದೂರ ನಡೆದ ಮೇಲೆ ನನ್ನ ತೋಳು ಹಿಡಿದುಕೊಂಡಳು, ರಸ್ತೆಯಲ್ಲಿ ಕಲ್ಲು ಇತ್ತು.

ಅವರ ತಂಗಿ ಅಕ್ಕಿತರಿಯ ಉಂಡೆ, ಕಡಂಬುಟ್ಟು ಮಾಡಿದ್ದರು. ಊಟವಾದ ಮೇಲೆ ದ್ವೀಪದ ಕಥೆಯ ಮೊದಲ ಅಧ್ಯಾಯದ ಕೊನೆಯನ್ನು ಅಲ್ಲೇ ಮೇಜಿನ ಮೇಲೆ ಮುಗಿಸಿದೆವು. ಮುತ್ತಮ್ಮ ಫೋನನ್ನು ಕಿವಿಯ ಪಕ್ಕದಲ್ಲಿ ಹಿಡಿದು ಓರೆಗಣ್ಣಿನಲ್ಲಿ ನೋಡುತ್ತಾರೆ. ನಾನು ಓದಿದೆ. ಕಾವಲುಗಾರ ದ್ವೀಪದ ಆ ಬದಿಯಲ್ಲಿ ಸಿಕ್ಕಿದ, ಆರೋಗ್ಯವಾಗಿಯೇ ಇದ್ದ, ಆಡು ಮೇಯಿಸುತ್ತಿದ್ದ. ಮಗಳು ಕರೆದರೂ ಬರಲಿಲ್ಲ. ದೀಪ ಅವಳೇ ಹಚ್ಚಿದಳು. ಸೌಮ್ಯಳಿಗೆ ಸಿಟ್ಟು ಬಂತು, ಮೂವತ್ ವರ್ಷ ಹಚ್ಚಿದೋನಿಗೆ ಮಗ್ಳಿಗೊಂದ್ ಮಾತ್ ಹೇಳಿ ಹೋಗಾಕ್ ಏನಾಗಿತ್ತು ಎಂದಳು. ಅವನಿಗೂ ಹೇಳಲಿಕ್ಕೆ ಬರಲಿಲ್ಲವೇನೋ ಎಂದರು ಮುತ್ತಮ್ಮ. ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ಇನ್ನೂ ಐದು ಅಧ್ಯಾಯ ಇದೆ. ಅಷ್ಟರಲ್ಲಿ ಮುತ್ತಮ್ಮನವರ ಕಣ್ಣಿಗೆ ಬಣ್ಣ ಕಾಣುವುದೂ ನಿಲ್ಲಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಬೀಳ್ಕೊಡುವಾಗ ಬಾಗಿಲಲ್ಲಿ, ಸೌಮ್ಯಳಿಗೆ ಕೇಳದ ಹಾಗೆ ಹೇಳಿದರು. ಭಾನುವಾರ ಬಿಟ್ಟು ಎಲ್ಲ ದಿನ ಕೆಲಸ, ಆದರೂ ಕೌಂಟರಿನ ಊಟದ ಹೊತ್ತಿನಲ್ಲಿ ಓದುತ್ತೇನೆ ಎಂದೆ.

ಜನವರಿ 27, ಮಂಗಳವಾರ

ಮೂರ್ನಾಡಿಗೆ ಹೋಗಿಬರತೊಡಗಿ ಎರಡನೇ ವಾರ. ಬೆಳಿಗ್ಗೆ ನಮ್ಮ ಬಸ್ಸಿನಲ್ಲೇ, ಡ್ರೈವರ್ ಹಿಂದಿನ ಸೀಟಿನಲ್ಲಿ. ಹೊಸಬ ಕೂಗುವಾಗ ಹೊರಗೆ ನೋಡುತ್ತ ಕೂರುತ್ತೇನೆ. ಅದು ಅಭ್ಯಾಸವಾಗಿಲ್ಲ, ಆಗುವುದೂ ಇಲ್ಲ. ಕೌಂಟರಿಗೆ ಬಂದವರು ಮೊದಲ ಸಲ ಆಂ ಎನ್ನುತ್ತಾರೆ, ಎರಡನೇ ಸಲ ಬಗ್ಗುತ್ತಾರೆ. ಮಧ್ಯಾಹ್ನ ಇಪ್ಪತ್ತು ನಿಮಿಷ ಓದಿದೆ, ಮಂಜಿನೊಳಗಿನ ಸಂತೆಯವರೆಗೆ ಬಂದಿದ್ದೇವೆ.

ಸಂಜೆ ಒಂದು ವಿಷಯ ನಡೆಯಿತು. ಸಿದ್ದಾಪುರದ ಒಬ್ಬಳು ಮುದುಕಿ ಕಳಿಸಿದ ಪಾರ್ಸೆಲ್ಲಿನ ಸಂಗತಿ, ಬರೆದರೆ ನಾಲ್ಕು ಹಾಳೆಯಾಗುತ್ತದೆ. ಪೆನ್ನು ಹಿಡಿದು ಕೂತೆ. ಆದರೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ಸೌಮ್ಯಳಿಗೆ ಆಗಲೇ ಪೂರ್ತಿ ಹೇಳಿಬಿಟ್ಟಿದ್ದೇನೆ. ಮತ್ತೆ ಬರೆಯಲು ಬೇಸರ.